ಕೈಗೆ ಸಿಕ್ಕಿದ ಕಲ್ಲು

ಜೀಪು ಓಡಿಸುತ್ತಿದ್ದವರು ಗುರುಗಳೇ. ಪಕ್ಕದಲ್ಲಿ ಕೂತ ಶಿಷ್ಯ ಗವಿಸಿದ್ದ ಮಾತ್ರ ಮಠ ಬಿಟ್ಟಾಗಿನಿಂದ ಕಣ್ಣಿನ ದುರ್ಬೀನು ಇಳಿಸಿದವನಲ್ಲ.

ನೆತ್ತಿ ಸುಡುವ ಮಧ್ಯಾಹ್ನ. ಮರವಿಲ್ಲ, ಮನೆಯಿಲ್ಲ, ಬರೀ ಹರಳುಗಲ್ಲು, ಒಣಹುಲ್ಲಿನ ಬಯಲು. ಇಂಥ ಕಡೆ ಎರೆಭೂತ ಎಂಬ ದೊಡ್ಡ ಹಕ್ಕಿ ಇರುತ್ತದಂತೆ. ಕಂಡವರು ತೀರಾ ಕಡಿಮೆ. ಅದನ್ನು ನೋಡಲೇಬೇಕೆಂಬ ಹುಚ್ಚು ಇವನಿಗೆ.

"ಅಜ್ಜಾರ, ನಿಲ್ಲಸ್ರಿ! ಅಲ್ಲೇ ಐತಿ!"

ಜೀಪು ನಿಂತಿತು. ದುರ್ಬೀನು ಕಣ್ಣಿಗೆ ಒತ್ತಿಕೊಂಡೇ ಬಯಲಿಗಿಳಿದ. ಗುರುಗಳು ಹಿಂದೆ ಬಂದರು.

"ನೆಲಾ ನೋಡಿ ನಡಿ, ತಮ್ಮಾ."

"ನೆಲದಾಗ ಏನೈತ್ರಿ ಅಜ್ಜಾರ? ಬರೇ ಕಲ್ಲು."

ದೂರದ ಹುಲ್ಲಿನಲ್ಲಿ ಉದ್ದನೆಯ ಬಿಳಿ ಕತ್ತೊಂದು ಎದ್ದಿತು. ಅದೇ! ಗವಿಸಿದ್ದ ಉಸಿರು ಬಿಗಿಹಿಡಿದು ಕುಕ್ಕರುಗಾಲಲ್ಲಿ ಕೂತ.

ಅಷ್ಟರಲ್ಲಿ ಎಲ್ಲಿತ್ತೋ ಏನೋ, ಒಂದು ಟಿಟ್ಟಿಭ ತಲೆಯ ಮೇಲೇ ಹಾರಾಡುತ್ತ ಕಿರುಚತೊಡಗಿತು. ಕೆರೆ ಬದಿಯಲ್ಲಿ ದಿನಾ ಕಾಣುವ ಹಕ್ಕಿ, ಅದನ್ನು ಯಾರು ಕೇಳುತ್ತಾರೆ? ಆದರೆ ಅದರ ಗಲಾಟೆಗೆ ಬಿಳಿ ಕತ್ತು ಬೆಚ್ಚಿ ತಿರುಗಿತು.

"ಥೂ, ಇದರ ಬಾಯಾಗ ಮಣ್ಣ ಹಾಕ! ಅದನ್ನ ಓಡಿಸೇಬಿಡ್ತೈತಿ."

ದುರ್ಬೀನಿನಿಂದ ಕಣ್ಣು ತೆಗೆಯದೆ ಎಡಗೈಯಲ್ಲಿ ನೆಲ ತಡಕಿದ. ಕಲ್ಲೊಂದು ಸಿಕ್ಕಿತು. ಕಿರುಚಾಟ ಬಂದ ಕಡೆಗೆ ಬೀಸಿ ಒಗೆದ.

ಕಲ್ಲು ಬಿದ್ದ ಸದ್ದೇ ಅಲ್ಲ ಅದು. ಪಚಕ್ ಎಂದಿತು.

ಟಿಟ್ಟಿಭ ಗಪ್ಪನೆ ಸುಮ್ಮನಾಯಿತು.

ಅವನ ಕೈ ಆಗಲೇ ಇನ್ನೊಂದು ಕಲ್ಲು ಹಿಡಿದಿತ್ತು. ಗುರುಗಳು ಬಂದು ಮಣಿಕಟ್ಟು ಹಿಡಿದರು.

"ಒಗೀಬ್ಯಾಡ. ಕಿವಿಗೆ ಹಚ್ಚಿಕೋ."

ಹಚ್ಚಿಕೊಂಡ. ಒಳಗಿನಿಂದ ಯಾರೋ ಮೆಲ್ಲಗೆ ಕುಟ್ಟುತ್ತಿದ್ದರು.

ಗವಿಸಿದ್ದ ದುರ್ಬೀನು ಇಳಿಸಿ ಕೆಳಗೆ ನೋಡಿದ. ಕಾಲಬುಡದಲ್ಲೇ, ಹರಳುಗಳ ನಡುವೆ, ಹರಳಿನದೇ ಬಣ್ಣದ ಇನ್ನೆರಡು ಮೊಟ್ಟೆ. ಆಚೆ ಮಣ್ಣಿನಲ್ಲಿ ಒಂದು ಒದ್ದೆ ಗುರುತು. ಅತ್ತ ನೋಡಲಾರ, ನೋಡದೆ ಇರಲಾರ.

"ಅಯ್ಯೋ ಶಿವನೇ! ನಾ ಏನ ಮಾಡಿಬಿಟ್ಟೆ, ಅಜ್ಜಾರ! ಈಗ ಏನ ಮಾಡ್ಲಿ? ಉಪವಾಸ ಕೂಡ್ಲಾ? ಈ ದುರ್ಬೀನ ಒಡದು ಹಾಕ್ಲಾ?"

"ಕೈಯಾಗಿನ ತತ್ತಿ ಇದ್ದಲ್ಲೇ ಇಟ್ಟು ದೂರ ಸರಿ. ನೀ ಇಲ್ಲಿ ಅಳಕೋತ ಕುಂತ್ರ ಬಿಸಿಲಿಗೆ ಉಳಿದವೂ ಬೇಯ್ತಾವ."

ಮೊಟ್ಟೆಯನ್ನು ಮೆಲ್ಲಗೆ ಇಟ್ಟ. ಬಂದ ಹೆಜ್ಜೆಯ ಮೇಲೇ ಹೆಜ್ಜೆ ಇಡುತ್ತ ಜೀಪಿಗೆ ಮರಳಿದ. ಎರೆಭೂತದ ಕಡೆ ತಿರುಗಿಯೂ ನೋಡಲಿಲ್ಲ.

ಬಹಳ ಹೊತ್ತು ತಾಯಿಹಕ್ಕಿ ಬರಲಿಲ್ಲ. ಗವಿಸಿದ್ದ "ಬಾರವ್ವಾ, ಬಾ ನಮ್ಮವ್ವಾ," ಎಂದು ಗೊಣಗುತ್ತಲೇ ಇದ್ದ.

ಕೊನೆಗೆ ಟಿಟ್ಟಿಭ ಓಡುತ್ತ, ನಿಲ್ಲುತ್ತ ಬಂತು. ಒದ್ದೆ ಗುರುತಿನ ಹತ್ತಿರ ಒಮ್ಮೆ ನಿಂತಿತು. ಆಮೇಲೆ ಗೂಡಿನತ್ತ ಹೋಗಿ, ಮೊಟ್ಟೆಗಳ ಮೇಲೆ ರೆಕ್ಕೆ ಅಗಲಿಸಿ ನೆರಳು ಮಾಡಿತು.

ಗವಿಸಿದ್ದ ಬಿಕ್ಕಿಬಿಕ್ಕಿ ಅತ್ತ.

"ಅದು ನನ್ನ ಕ್ಷಮಿಸೇತೇನ್ರಿ, ಅಜ್ಜಾರ?"

ಗುರುಗಳು ಹಕ್ಕಿಯಿಂದ ಕಣ್ಣು ತೆಗೆಯಲಿಲ್ಲ.

"ಅದಕ್ಕ ಎಲ್ಲೈತಿ ಪುರಸೊತ್ತು, ತಮ್ಮಾ? ಇನ್ನೂ ಮೂರು ಅದಾವ. ಬಿಸಿಲು ಐತಿ."