ಊರು ಕೊಡು, ದೊರೆ

"ಕೇಳ್ರಪ್ಪೋ ಕೇಳ್ರಿ! ದೊರೆ ಚನ್ನಮಲ್ಲನ ಅಪ್ಪಣೆ! ಕೋಟೆಯೊಳಗ ನೀರೈತಿ, ಜೋಳೈತಿ. ಮೂರು ಒಗಟು ಒಡೆದವನು ಒಳಗ, ತಪ್ಪಿದವನು ಕೊಳ್ಳಕ್ಕ!"

ಹೀಗಂತ ಕಲ್ಲಗುಡ್ಡದ ಕೋಟೆಯ ಮೇಲಿಂದ ಒಬ್ಬ ಡಂಗುರ ಸಾರುತ್ತಿದ್ದ. ತಮಟೆ ಎಲ್ಲಿಂದ ಬರಬೇಕು, ಹಳೇ ಎಣ್ಣೆ ಡಬ್ಬ ಬಡಿಯುತ್ತಿದ್ದ. ಪಟ್ಟಣಗಳೆಲ್ಲ ಹಾಳುಬಿದ್ದಿದ್ದವು. ಮೊದಲು ಕರೆಂಟು ಹೋಯಿತು, ಆಮೇಲೆ ನೀರು, ಕೊನೆಗೆ ಸರ್ಕಾರವೂ ಹೋಯಿತು. ಇನ್ನು ದೊರೆಯೋ, ಮೊದಲು ನೀರಿನ ಟ್ಯಾಂಕರ್ ಓಡಿಸುತ್ತಿದ್ದ ಆಸಾಮಿ. ಕೋಟೆಯ ಹೊಂಡ ಬತ್ತುವುದಿಲ್ಲ ಅಂತ ಗೊತ್ತಿದ್ದದ್ದರಿಂದ ಎಲ್ಲರಿಗಿಂತ ಮೊದಲು ಬಂದು ಕೂತ. ನೀರಿದ್ದವನೇ ದೊರೆ, ಬಿಡಿ.

ಆ ಡಂಗುರ ನಂಬಿ ಬಂದವರಲ್ಲಿ ಯಮನೂರ ಅನ್ನೋ ಹುಡುಗನೂ ಇದ್ದ. ಖಾನಾವಳಿಯಲ್ಲಿ ಮೇಜು ಒರೆಸಿಕೊಂಡಿದ್ದವನು, ಜೋರಾಗಿ ಮಾತಾಡಿದವನಲ್ಲ. ಜೊತೆಗೆ ತುಂಬು ಬಸುರಿ ಅಕ್ಕ ಸಾಬವ್ವ. ಅವಳ ಗಂಡ ದಾರಿಯಲ್ಲೇ ಜ್ವರಕ್ಕೆ ಹೋಗಿಬಿಟ್ಟಿದ್ದ. ಅವಳನ್ನು ನೆರಳಿಗೆ, ನೀರಿಗೆ ಮುಟ್ಟಿಸಬೇಕು, ಯಮನೂರನಿಗೆ ಬೇರೆ ಚಿಂತೆಯೇ ಇರಲಿಲ್ಲ.

ಹೊರಬಾಗಿಲು ತೆರೆಯಿತು. ಜನ ನುಗ್ಗಿದರು. ಹಿಂದಿನಿಂದ ದಡಾರನೆ ಮುಚ್ಚಿತು. ನೋಡಿದರೆ ಮುಂದೆ ಇನ್ನೊಂದು ಬಾಗಿಲು, ಅದಕ್ಕೂ ಅಗುಳಿ. ಎರಡೂ ಬಾಗಿಲ ನಡುವೆ ಬಿಸಿಲಿಗೆ ಕಾದ ಅಂಗಳ, ಸುತ್ತ ಮೂರಾಳೆತ್ತರದ ಗೋಡೆ. ಬೋನಿಗೆ ಬಿದ್ದ ಇಲಿಗಳ ಪಾಡು. ಪಕ್ಕದಲ್ಲೊಂದು ಸಣ್ಣ ದಿಡ್ಡಿ ಬಾಗಿಲು ಮಾತ್ರ ತೆರೆದಿತ್ತು, ಅದರಾಚೆ ಆಳದ ಕೊಳ್ಳ.

ಗೋಡೆಯ ಮೇಲೆ ಕೂತ ದೊರೆ ಕೇಳಿದ: "ಊರು ಬಿಟ್ಟು ಓಡುವಾಗ ಅದನ್ನ ಯಾರೂ ಗಂಟು ಕಟ್ಟಲಿಲ್ಲ, ಆದರೂ ಎಲ್ಲರ ಜೋಡಿ ಬಂತು. ಇವತ್ತು ಕೊಂದರೂ ನಾಳೆ ಎದ್ದು ಕೂಡತೈತಿ. ಏನದು?"

ಪೈಲ್ವಾನ್ ಭೀಮಸಿ ಮುಂದೆ ಬಂದು, "ನೆರಳು!" ಅಂದ.

"ನೆರಳನ್ನ ಯಾವ ಮಗ ಕೊಂದಾನ?" ಅಂದ ದೊರೆ. ದೊರೆಯ ಆಳುಗಳು ಭೀಮಸಿಯನ್ನು ದಿಡ್ಡಿಯಿಂದ ದಬ್ಬಿದರು. ಅವನ ಕೂಗು ಕೇಳಿ ಸಾಬವ್ವ ಕಿವಿ ಮುಚ್ಚಿಕೊಂಡಳು.

ಜವಳಿ ಅಂಗಡಿಯ ಶಾಂತವೀರಶೆಟ್ಟಿ ಬೆವರು ಒರೆಸಿಕೊಂಡು, "ನೆನಪು, ದೊರೆ" ಅಂದ.

"ನೆನಪನ್ನ ಕೊಲ್ಲಾಕ ಬರುವಂಗಿದ್ದರ ನಾನು ದಿನಾ ಸುಖವಾಗಿ ಮಲಗತಿದ್ದೆ" ಅಂದ ದೊರೆ. ಶೆಟ್ಟಿಯೂ ಹೋದ.

ಉಳಿದವರು ಹಿಂದಕ್ಕೆ ಸರಿದು ಗೋಡೆಗೆ ಅಂಟಿಕೊಂಡರು. ಸಾಬವ್ವ ತಮ್ಮನ ಕೈ ಹಿಡಿದಳು. "ತಮ್ಮಾ, ನೋವು ಶುರುವಾತು."

ಯಮನೂರ ಅವಳನ್ನು ಗೋಡೆಗೆ ಒರಗಿಸಿದ. ಎದ್ದು ನಿಂತ. "ಹಸಿವು ರೀ. ಉಂಡು ಕೊಂದರೂ ನಾಳೆ ಎದ್ದು ಕೂಡತೈತಿ."

ದೊರೆ ಹುಬ್ಬೇರಿಸಿದ. "ಎರಡನೇದು. ನೆರೆಮನಿಗೆ ಕೊಟ್ಟರೂ ನಮ್ಮನ್ಯಾಗ ಅಷ್ಟೇ ಉಳೀತೈತಿ. ಬಚ್ಚಿಟ್ಟರ ಮನೀನ ತಿಂತೈತಿ."

"ಬೆಂಕಿ ರೀ. ನಮ್ಮವ್ವ ಒಲಿ ಹಚ್ಚಾಕ ಪಕ್ಕದ ಮನಿಂದ ಕೆಂಡ ತರತಿದ್ದಳು. ಅವರ ಒಲಿ ಏನೂ ಆರತಿರಲಿಲ್ಲ."

"ಮೂರನೇದು. ಕಾವಲುಗಾರ ಒಬ್ಬ ಅದಾನ. ನಿದ್ದಿ ಇಲ್ಲ, ಕೂಳು ಬೇಡ. ಯಾರನ್ನ ಕಾಯತಾನೋ ಅವರನ್ನ ಸೆರ್‍ಯಾಗ ಇಡತಾನ. ಯಾರವ?"

ಯಮನೂರ ತಲೆಯೆತ್ತಿದ. ಗೋಡೆಯ ಮೇಲೆ ಕೋಟೆಯ ಹೆಣ್ಣುಮಕ್ಕಳು ನಿಂತಿದ್ದರು. ಒಳಗೆ ಬಂದಾಗಿನಿಂದ ಅವರು ಹೊರಗೆ ಕಾಲಿಟ್ಟಿರಲಿಲ್ಲ, ಮುಖ ಬಿಳಿಚಿಕೊಂಡಿತ್ತು. "ನಿಮ್ಮ ಕೋಟೆ ಗ್ವಾಡಿ ರೀ" ಅಂದ.

"ಭಲೇ! ಒಳಗ ಬಾ."

"ಅಕ್ಕ?"

"ಒಡೆದವನು ನೀನು. ಬಾಗಿಲು ಒಬ್ಬನಿಗೇ."

ಅಯ್ಯೋ, ಇದೆಂಥ ನ್ಯಾಯ! ಯಮನೂರ ಮೊದಲ ಸಲ ದನಿ ಏರಿಸಿದ. "ಆಟ ಮುಗಿದಿಲ್ಲ ರೀ. ನೀವು ಹಾಕಿದ್ರಿ, ಈಗ ನಾ ಒಂದು ಹಾಕತೇನಿ. ಒಡೀಲಿಕ್ಕೆ ಆಗದಿದ್ದರ ಊರು ಕೊಡಬೇಕು."

ಇದು ನಮ್ಮ ಕಡೆ ಹುಟ್ಟಿದವರಿಗೆಲ್ಲ ಗೊತ್ತಿರೋ ಪದ್ಧತಿ. ಶೇಂಗಾ ಸುಲಿಯುತ್ತ ಅಜ್ಜಿ ಒಗಟು ಹಾಕುವಳು. ಸೋತವರು ಬಾಯಿಮಾತಿಗೆ ಒಂದು ಊರು ಕೊಡಬೇಕು, ಕೊಟ್ಟ ಮೇಲೇ ಉತ್ತರ. ನಾನೇ ಎಷ್ಟು ಸಲ ಗದಗ ಕೊಟ್ಟಿದ್ದೇನೋ. ಗೋಡೆ ಮೇಲಿನ ಮುದುಕಿಯೊಬ್ಬಳು, "ಹೌದು ಮತ್ತ! ಹಾಕಲಿ ಬಿಡು" ಅಂದಳು. ಅಷ್ಟು ಜನರೆದುರು ದೊರೆ 'ಹೆದರಿದೆ' ಅನ್ನಲಾದೀತೆ? ಹೂಂ ಅಂದ.

"ಕರೀದೆ ಬರತೈತಿ, ಬರಿಗೈಲೆ ಬರತೈತಿ, ಬಂದ ಕೂಡಲೇ ಹೊಟ್ಟಿಗೆ ಕೇಳತೈತಿ. ಆದರೂ ಯಾರೂ ಬಾಗಿಲು ಹಾಕೂದಿಲ್ಲ, ಓಣಿಗೆಲ್ಲ ಸಕ್ಕರಿ ಹಂಚತಾರ. ಏನದು?"

"ಕಳ್ಳ!" ಅಂದುಬಿಟ್ಟ ದೊರೆ.

"ಕಳ್ಳ ಬಂದರ ಸಕ್ಕರಿ ಹಂಚತಾರೇನೋ, ಮಂಕೇ!" ಅಂದಳು ಮುದುಕಿ. ಗೋಡೆ ಮೇಲೆಲ್ಲ ನಗು. ಹೆಂಗಸರಿಗೆ ಆಗಲೇ ಗೊತ್ತಾಗಿತ್ತು, ಹೇಳಲಿಲ್ಲ. ಎಷ್ಟೋ ಕಾಲದಿಂದ ಬಂದವರನ್ನೆಲ್ಲ ಕಳ್ಳರೆಂದೇ ನೋಡಿದ ಮನುಷ್ಯ, ಅವನಿಗೆ ಬೇರೇನು ಹೊಳೆದೀತು? ಅಲ್ಲೇ ಕೂತು ಯೋಚಿಸಿದ. ಬಿಸಿಲು ಇಳಿಯತೊಡಗಿತು. ಕೆಳಗೆ ಸಾಬವ್ವ ಹಲ್ಲುಕಚ್ಚಿ ನರಳುತ್ತಿದ್ದಳು. ಅಂಗಳದ ಹೆಂಗಸರು ಸೀರೆ ಮರೆ ಹಿಡಿದು ನಿಂತಿದ್ದರು.

"ಬೇಗ ರೀ, ದೊರೆ! ನಿಮ್ಮ ಕಾಲಿಗೆ ಬೀಳತೇನಿ!" ಅಂತ ಯಮನೂರ ಅತ್ತ.

"ಊರು ಕೊಡು, ದೊರೆ!" ಅಂದಳು ಮುದುಕಿ. ಉಳಿದವರೂ ಕೂಗಿದರು. "ಊರು ಕೊಡು! ಊರು ಕೊಡು!"

"ಯಾವ ಊರು ಕೊಡಲೇ? ಎಲ್ಲಾ ಹಾಳಾಗ್ಯಾವ" ಅಂದ ದೊರೆ. ಕೈಯೆತ್ತಿ ಕೋಟೆ ತೋರಿಸಿದ. "ಇರೂದು ಇದೊಂದ."

ಕೆಳಗೆ ಸಾಬವ್ವ ಮತ್ತೊಮ್ಮೆ ಚೀರಿದಳು.

"ಸೋತೆ" ಅಂದ ದೊರೆ. "ತಗೋ, ಇದನ್ನ ಕೊಟ್ಟೆ. ಈಗರೆ ಹೇಳು, ಏನದು?"

ಯಮನೂರ ಬಾಯಿ ತೆರೆಯುವಷ್ಟರಲ್ಲಿ ಸೀರೆ ಮರೆಯಿಂದ ಕೂಸು ಕಿರ್ರೆಂದು ಅತ್ತಿತು. ದೊರೆ ಕಣ್ಣು ಬಿಟ್ಟುಕೊಂಡು ಕೂತ. ಉತ್ತರ ಯಾರೂ ಹೇಳಬೇಕಾಗಲಿಲ್ಲ.

ಒಳಗಿನ ಹೆಂಗಸರು ಅಗುಳಿ ತೆಗೆದು ಓಡಿಬಂದರು. ಮುದುಕಿ ಯಮನೂರನ ಹತ್ತಿರ ಬಂದು ಕೇಳಿದಳು: "ಊರ ಗೌಡಾ, ಬಾಣಂತಿಗೆ ನೀರು ಕಾಸಬೇಕು. ಒಳಗ ಕಟ್ಟಿಗಿ ಇಲ್ಲ. ಏನ್ ಮಾಡೂದು?"

ಯಮನೂರ ಅತ್ತಿತ್ತ ನೋಡಿದ.

"ಆ ಎರಡೂ ಬಾಗಿಲು ಒಡೀರಿ" ಅಂದ.

ಕೊಡಲಿ ತರಲು ಮೊದಲು ಎದ್ದವನು ಚನ್ನಮಲ್ಲನೇ.