ಗೊರವಂಕದ ಶಿಖರದರ್ಶನ

ಪ್ರತಿ ಬೇಸಿಗೆಯಲ್ಲೂ ಒಂದೊಂದು ಸೀಮೆಯ ಹಳೆಯ ಕಟ್ಟಡಗಳನ್ನು ನೋಡಿಬರುವುದು ಒಂದು ಗೊರವಂಕ ಹಕ್ಕಿಯ ನಿಯಮವಾಗಿತ್ತು. ಐದು ವರ್ಷಗಳ ಬಳಿಕ ಅದು ಮೊದಲೊಮ್ಮೆ ಕಂಡಿದ್ದ ಕಲ್ಲುಗುಡಿಯ ಶಿಖರಕ್ಕೆ ಮರಳಿ ಬಂದಿತು. ಅಲ್ಲಿದ್ದ ಕಲ್ಲಿನ ಸಿಂಹದ ಕತ್ತು ಬಿರಿದು, ಬಿರುಕಿನಲ್ಲಿ ಅರಳಿಯ ಗಿಡವೊಂದು ಬೆಳೆದು ನಿಂತಿತ್ತು.

"ಸಿಂಹರಾಯರೇ, ಇದು ಯಾವ ಅನಾಗರಿಕನ ಕೆಲಸ?" ಎಂದು ಗೊರವಂಕ ಕೇಳಿತು.

"ಕಳೆದ ಸಲ ಇಲ್ಲಿಗೆ ಬರುವ ಮೊದಲು ಏನು ತಿಂದಿದ್ದೆಯಮ್ಮ?" ಎಂದಿತು ಸಿಂಹ.

"ಕೋಟೆಬಾಗಿಲ ಮರದ ಅರಳಿಹಣ್ಣು. ಬಹಳ ರುಚಿಯಾಗಿತ್ತು."

"ತಿಂದು ಬಂದು ನನ್ನ ಹೆಗಲ ಮೇಲೆ ಕುಳಿತು ನೀನು ಶಿಲ್ಪಿಯನ್ನು ಹೊಗಳಿದೆ. ಹೊಗಳುತ್ತಲೇ ಹಿಕ್ಕೆ ಹಾಕಿದೆ. ಬೀಜ ಅದರಲ್ಲಿತ್ತು."

ಗೊರವಂಕದ ಗರಿಗಳು ನಿಮಿರಿದವು. "ನಾನು ಕುಳಿತದ್ದು ಅರೆಗಳಿಗೆ. ಒಂದು ಗೀರನ್ನೂ ಎಳೆಯಲಿಲ್ಲ. ಗೋಡೆಯ ಮೇಲೆ ಹೆಸರು ಕೆತ್ತುವ ಮನುಷ್ಯರನ್ನು ಕಂಡರೇ ನನಗಾಗದು."

"ಅವರ ಹೆಸರುಗಳು ಕೆತ್ತಿದ ದಿನ ಎಷ್ಟಿದ್ದವೋ ಇಂದಿಗೂ ಅಷ್ಟೇ ಇವೆ. ನಿನ್ನದು ಬೆಳೆಯುತ್ತಿದೆ. ಆ ಬೇಸಿಗೆಯಲ್ಲಿ ಇನ್ನೆಷ್ಟು ಶಿಖರಗಳ ಮೇಲೆ ಕುಳಿತೆ?"

"ಹನ್ನೊಂದು," ಎಂದಿತು ಗೊರವಂಕ. ಅದು ಗಿಡದ ಬುಡವನ್ನು ಕಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಎಳೆಯತೊಡಗಿತು. ಕಲ್ಲಿನ ಚೂರುಗಳು ಕೆಳಗಿನ ಅಂಗಳಕ್ಕೆ ಉದುರಿದವು.

"ಬಿಡು," ಎಂದಿತು ಸಿಂಹ. "ನನ್ನ ತಲೆ ಬೀಳದಂತೆ ಈಗ ಹಿಡಿದುಕೊಂಡಿರುವುದು ಆ ಗಿಡದ ಬೇರೇ."

ಗೊರವಂಕ ಕೊಕ್ಕನ್ನು ಸಡಿಲಿಸಿತು. ಉಳಿದ ಶಿಖರಗಳತ್ತ ಹಾರಲು ಅದರ ರೆಕ್ಕೆಗಳು ಏಳಲಿಲ್ಲ.