ಬಾಗಿಲ ಬಳಿ ಕೂತ ಅಂಬಿಗ

“ಮದರ್, ಬೇಡವೆನ್ನುವವನಿಗೆ ಎಷ್ಟು ದಿನ ಕೊಡುತ್ತಲೇ ಇರಬೇಕು?” ಎಂದು ಸಿಸ್ಟರ್ ಬೆನಿಟಾ ಕೇಳಿದಳು.

ಅವಳು ವಾರಕ್ಕೊಮ್ಮೆ ಜೈಲಿಗೆ ಹೋಗಿ, ವಿಚಾರಣೆ ಇನ್ನೂ ಮುಗಿಯದ ಕೈದಿಗಳ ಸೇವೆ ಮಾಡಿ ಬರುತ್ತಿದ್ದಳು. ಅಲ್ಲಿಗೆ ವೈದ್ಯರು ಬರುತ್ತಿದ್ದರು, ಫೀಸು ಕೇಳದ ವಕೀಲರೂ ಬರುತ್ತಿದ್ದರು. ಹೊದಿಕೆ, ಓದುಬರಹ, ಹೊಲಿಗೆಯ ಕಲಿಕೆ, ಎಲ್ಲವನ್ನೂ ಒದಗಿಸಿದ್ದಾಗಿತ್ತು. ಒಬ್ಬ ಮಾತ್ರ ಯಾವುದಕ್ಕೂ ಎದ್ದು ಬರುತ್ತಿರಲಿಲ್ಲ. ಬಾಗಿಲ ಕಡೆಗೆ ಮುಖ ಮಾಡಿ ಕೂತಿರುತ್ತಿದ್ದ. ಹೊಟ್ಟೆನೋವಿಗೆ ಮದ್ದು ತಂದುಕೊಟ್ಟರೂ ಮುಟ್ಟಲಿಲ್ಲ. ಇಂಥವನನ್ನು ಅವನ ಪಾಡಿಗೆ ಬಿಟ್ಟು, ಬೇಕೆನ್ನುವವರನ್ನು ನೋಡಿಕೊಂಡರೆ ತಪ್ಪೇ ಎಂಬುದು ಅವಳ ಸಂಶಯ.

ಮದರ್ ಕ್ಲಾರಾ ಜಪಮಾಲೆಯನ್ನು ಮಡಿಲಲ್ಲಿಟ್ಟು ಈ ಕತೆ ಹೇಳಿದರು.

ಹೊಳೆದಂಡೆಯ ಪಟ್ಟಣವೊಂದರಲ್ಲಿ ಒಬ್ಬ ಅಂಬಿಗನಿದ್ದ. ಅವನ ಹರಿಗೋಲಿನಲ್ಲಿ ಹೊಳೆ ದಾಟಿದ ವರ್ತಕನೊಬ್ಬ, ದಡಕ್ಕಿಳಿದ ಮೇಲೆ ತನ್ನ ರೇಷ್ಮೆಯ ಗಂಟು ಕಾಣುತ್ತಿಲ್ಲವೆಂದು ದೂರು ಕೊಟ್ಟ. ಅಂಬಿಗನನ್ನು ಹಿಡಿದು ತಂದರು. ಅವನು ಕದ್ದನೆಂದಾಗಲಿ ಕದ್ದಿಲ್ಲವೆಂದಾಗಲಿ ಯಾರೂ ಇನ್ನೂ ತೀರ್ಮಾನಿಸಿರಲಿಲ್ಲ. ತೀರ್ಮಾನವಾಗುವವರೆಗೆ ಇರಲಿ ಎಂದು ಬಂದೀಖಾನೆಗೆ ಹಾಕಿದರು.

ಅಲ್ಲಿ ಒಂದು ಪದ್ಧತಿಯಿತ್ತು. ನ್ಯಾಯದ ಚಾವಡಿಯಿಂದ ಓಲೆಕಾರ ಬಂದು, ಹೆಬ್ಬಾಗಿಲ ಹೊರಗೆ ನಿಂತು, ಅಂದು ಯಾರ ವಿಚಾರಣೆಯೋ ಅವರ ಹೆಸರನ್ನು ಎರಡು ಸಲ ಕೂಗುತ್ತಿದ್ದ. ಓಗೊಟ್ಟವನನ್ನು ಕರೆದುಕೊಂಡು ಹೋಗುತ್ತಿದ್ದ. ಓಗೊಡದವನ ಹೆಸರು ಸರದಿಯ ಕೊನೆಗೆ ಹೋಗುತ್ತಿತ್ತು. ಓಲೆಕಾರ ಬೆಳಿಗ್ಗೆ ಬರುತ್ತಾನೋ ಸಂಜೆ ಬರುತ್ತಾನೋ ಯಾರಿಗೂ ತಿಳಿಯುತ್ತಿರಲಿಲ್ಲ.

ಅದೇ ಪಟ್ಟಣದ ಶ್ರೀಮಂತ ವಿಧವೆಯೊಬ್ಬಳು ಬಂದಿಗಳ ಮೇಲೆ ಕನಿಕರಪಟ್ಟು ಬಂದೀಖಾನೆಯ ಹಿತ್ತಿಲಂಗಳದಲ್ಲಿ, ಹೆಬ್ಬಾಗಿಲಿನಿಂದ ದೂರ, ಒಂದು ಚಪ್ಪರ ಹಾಕಿಸಿದಳು. ಅಲ್ಲಿ ದಿನವೂ ಬಿಸಿ ಗಂಜಿ ಸಿಗುತ್ತಿತ್ತು, ಪಂಡಿತನೊಬ್ಬ ಕೂತು ಮದ್ದು ಕೊಡುತ್ತಿದ್ದ. ಅವಳು ಶಿಸ್ತಿನ ಹೆಂಗಸು. ಕೈ ತೊಳೆಯದವನಿಗೆ ಗಂಜಿಯಿಲ್ಲ, ಸಾಲು ತಪ್ಪಿಸಿದವನಿಗೂ ಇಲ್ಲ. ಬಂದಿಗಳು ಹಿಂದಿನಿಂದ ನಕ್ಕರೂ ಎದುರಿಗೆ ನೆಟ್ಟಗೆ ನಿಲ್ಲುತ್ತಿದ್ದರು.

ಅಂಬಿಗ ಮೊದಮೊದಲು ಚಪ್ಪರಕ್ಕೆ ಹೋಗುತ್ತಿದ್ದ. ಹೋಗುವಾಗ, ತನ್ನ ಹೆಸರು ಕೇಳಿದರೆ ಓಗೊಡು ಎಂದು, ತನ್ನಂತೆಯೇ ಬಂದಿಯಾಗಿದ್ದ ಪಕ್ಕದ ಕುಂಬಾರನಿಗೆ ಹೇಳಿ ಹೋಗುತ್ತಿದ್ದ. ಒಂದು ದಿನ ಜ್ವರಕ್ಕೆ ಕಷಾಯ ಕುಡಿದು ಬರುವಷ್ಟರಲ್ಲಿ ಅವನ ಹೆಸರು ಕೂಗಿ ಆಗಿತ್ತು. ಕುಂಬಾರ ಕೇಳಿಸಿಕೊಂಡಿದ್ದ, ಆದರೂ ಬಾಯಿ ಬಿಡಲಿಲ್ಲ. ಮುಂದಿನವನ ಹೆಸರು ಕೊನೆಗೆ ಬಿದ್ದರೆ ಹಿಂದಿನವನದು ಒಂದು ಮೆಟ್ಟಿಲು ಮೇಲೇರುತ್ತದಲ್ಲವೇ. ಅಂಬಿಗ ಅವನೊಡನೆ ಜಗಳವಾಡಲಿಲ್ಲ. ಕುಂಬಾರನಿಗೂ ಮನೆಯಲ್ಲಿ ಮಕ್ಕಳಿದ್ದವು.

ಅಂದಿನಿಂದ ಅವನು ಹೆಬ್ಬಾಗಿಲ ಬಳಿ ಗೋಣಿತಾಟು ಹಾಕಿಕೊಂಡು ಕೂತ. ಹೊಳೆಯಲ್ಲಿದ್ದಾಗ ಎಂಥ ಗಾಳಿಯಲ್ಲೂ ಯಾವ ದಡದಿಂದ ಯಾರು ಕೂಗಿದರೆಂದು ಹೇಳಬಲ್ಲ ಕಿವಿ ಅವನದು. ಈಗ ಆ ಕಿವಿಯೇ ಅವನಿಗೆ ಶತ್ರುವಾಯಿತು. ಅಗುಳಿ ಕಿರುಗುಟ್ಟಿದರೂ ತನ್ನ ಹೆಸರೆನಿಸುತ್ತಿತ್ತು. ಬೀದಿಯಲ್ಲಿ ಮಜ್ಜಿಗೆಯವಳು ಕೂಗಿದರೆ ಎದೆ ಹಾರುತ್ತಿತ್ತು. ಕಣ್ಣು ಮುಚ್ಚಿದರೆ ನಿದ್ದೆ ಬಂದೀತೆಂದು ಕಣ್ಣು ಮುಚ್ಚುತ್ತಿರಲಿಲ್ಲ. ಯಾರಾದರೂ ತಂದುಕೊಟ್ಟರೆ ಒಂದೆರಡು ತುತ್ತು ನುಂಗುತ್ತಿದ್ದ. ಜಗಿಯುವ ಸದ್ದಿನಲ್ಲಿ ಕೂಗು ಮುಳುಗಿಹೋದರೆ ಎಂಬ ಭಯಕ್ಕೆ ಅದೂ ನಿಂತಿತು. ಜ್ವರ ಮರಳಿತು.

“ಏನ್ ಅಂಬಿಗಣ್ಣ, ಬಾಗಿಲಿಗೆ ನೀನೇ ಬೀಗ ಆಗಿಬಿಟ್ಟೆಯಲ್ಲ,” ಎಂದು ಚಪ್ಪರದಿಂದ ಬರುವವರು ಚುಡಾಯಿಸುತ್ತಿದ್ದರು.

ಸಂಗತಿ ವಿಧವೆಯ ಕಿವಿಗೆ ಬಿತ್ತು. ತಾನು ಕೊಟ್ಟದ್ದನ್ನು ಒಬ್ಬ ಒಲ್ಲೆನ್ನುತ್ತಾನೆಂದು ಕೇಳಿ ಅವಳಿಗೆ ಅವಮಾನವಾಯಿತು. ತಾನೇ ಹೆಬ್ಬಾಗಿಲಿಗೆ ಬಂದಳು. ಗಂಜಿಯಲ್ಲಿ ಏನು ಕೊರತೆ, ಪಂಡಿತನಲ್ಲಿ ಏನು ದೋಷ ಎಂದು ನಿಂತೇ ವಿಚಾರಿಸಿದಳು. ಅಂಬಿಗ ಬಾಗಿಲಿನಿಂದ ಮುಖ ತಿರುಗಿಸಲಿಲ್ಲ. ಅವಳ ಮಾತಿನ ನಡುವೆಯೂ ಅವನು ಹೊರಗಿನದನ್ನೇ ಆಲಿಸುತ್ತಿದ್ದ. ಅದನ್ನು ಕಂಡು ಅವಳು ಮಾತು ನಿಲ್ಲಿಸಿ ತಾನೂ ಬಾಗಿಲ ಕಡೆ ನೋಡಿದಳು. ಆಗ ಅವನು ಹೇಳಿದ:

“ಅವ್ವಾ, ಗಂಜಿ ಚೆನ್ನಾಗೇ ಇದೆ. ನಾನು ಉಣ್ಣೋಕೆ ಹೋದರೆ ಇಲ್ಲಿ ಕೇಳಿಸಿಕೊಳ್ಳೋರು ಯಾರು?”

 ವಿಧವೆ ಸೆರಗು ಒಟ್ಟುಮಾಡಿಕೊಂಡು, ಆ ಗೋಣಿತಾಟಿನ ಮೇಲೆ ಅವನ ಪಕ್ಕದಲ್ಲಿ ಕೂತಳು. ಆವರೆಗೆ ಮಣೆಯಿಲ್ಲದೆ ನೆಲದ ಮೇಲೆ ಕೂತವಳಲ್ಲ ಅವಳು.

“ನಾನು ಕೂತಿರುತ್ತೇನೆ, ನೀನು ಹೋಗಿ ಉಂಡು ಬಾ,” ಎಂದಳು. ಅಂಬಿಗ ಎದ್ದ. ಎರಡು ಹೆಜ್ಜೆ ಹೋಗಿ ನಿಂತ. ಅವಳಿಗೂ ಅದೇ ಕ್ಷಣಕ್ಕೆ ಹೊಳೆಯಿತು. ಇಷ್ಟು ಕಾಲ ಅವನಿಗೆ ಗಂಜಿ ಎರೆಸಿದ್ದಳು, ಮದ್ದು ಅರೆಸಿದ್ದಳು. ಈಗ ಯಾವ ಕೂಗಿಗೆ ಓಗೊಡಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಕೇಳಿದಳು.

“ಹೊನ್ನೂರ, ಅವ್ವಾ. ಅಂಬಿಗರ ಹೊನ್ನೂರ.”

ಅವಳು ಅದನ್ನು ಮೆಲ್ಲಗೆ ಎರಡು ಸಲ ಹೇಳಿಕೊಂಡಳು. ಅವನು ಹೋದ. ಮೊದಲ ದಿನ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಓಡಿಬಂದ. ಯಾರೂ ಕೂಗಿಲ್ಲ, ಹೋಗಿ ಮುಗಿಸು ಎಂದು ಅವಳು ಗದರಿ ಕಳಿಸಿದಳು. ಮಾರನೆಯ ದಿನವೂ ಬಂದಳು, ಅದರ ಮಾರನೆಯ ದಿನವೂ ಬಂದಳು. ಅವಳು ಕೂತಾಗ ಅವನು ಮದ್ದು ಕುಡಿದ, ಗೋಡೆಗೊರಗಿ ಸ್ವಲ್ಪ ನಿದ್ದೆಯನ್ನೂ ಮಾಡಿದ. ಕೂತು ಕೂತು ಅವಳಿಗೂ ಅದೇ ರೋಗ ಅಂಟಿತು. ಅಗುಳಿ ಕಿರುಗುಟ್ಟಿದರೆ ಅವಳ ಎದೆಯೂ ಹಾರತೊಡಗಿತು.

ಒಂದು ಮಧ್ಯಾಹ್ನ ಅಂಬಿಗ ಪಂಡಿತನ ಮುಂದೆ ಕೈ ಚಾಚಿ ನಾಡಿ ತೋರಿಸುತ್ತಿದ್ದ. ಹೆಬ್ಬಾಗಿಲ ಕಡೆಯಿಂದ ಹೆಣ್ಣುದನಿಯೊಂದು ಗಟ್ಟಿಯಾಗಿ ಕೂಗುವುದು ಕೇಳಿಸಿತು. ಅವನು ಕೈ ಕಿತ್ತುಕೊಂಡು ಓಡಿದ. ಓಲೆಕಾರ ಹೊರಡಲು ತಿರುಗಿದ್ದ. ಬೀದಿಯಲ್ಲಿ ಎಂದೂ ದನಿಯೆತ್ತಿ ಮಾತಾಡದ ಆ ಹೆಂಗಸು ಹೆಬ್ಬಾಗಿಲ ಸರಳುಗಳ ನಡುವೆ ತೋಳು ತೂರಿಸಿ ಅವನ ಅಂಗಿಯನ್ನು ಹಿಡಿದು ನಿಂತಿದ್ದಳು.

“ಇದ್ದಾನೆ ಕಣಯ್ಯಾ, ನಮ್ಮ ಹೊನ್ನೂರ ಇಲ್ಲೇ ಇದ್ದಾನೆ. ಅವನು ಬರೋವರೆಗೂ ನಿನ್ನನ್ನು ಬಿಡೋದಿಲ್ಲ.”

ಓಲೆಕಾರ ನಿಂತ. ಹೊನ್ನೂರ ಚಾವಡಿಗೆ ಹೋದ.

ಮದರ್ ಕತೆ ನಿಲ್ಲಿಸಿದರು. ಅವನ ಬಿಡುಗಡೆಯಾಯಿತೇ ಎಂದು ಸಿಸ್ಟರ್ ಬೆನಿಟಾ ಕೇಳಿದಳು. ಅವನ ವಿಚಾರಣೆಯಾಯಿತು, ಅವನು ಕಾದದ್ದು ಅದಕ್ಕೇ ಎಂದು ಮದರ್ ಹೇಳಿದರು. ಜಪಮಾಲೆಯನ್ನು ಮತ್ತೆ ಕೈಗೆತ್ತಿಕೊಂಡು, ಶಿಷ್ಯೆಯ ಮುಖ ನೋಡಿದರು.

“ನಿನ್ನ ಮದ್ದು ಮುಟ್ಟದವನ ಹೆಸರೇನು ಅಂದೆ, ಬೆನಿಟಾ?”

ಸಿಸ್ಟರ್ ಬೆನಿಟಾ ಅವನ ಹೆಸರನ್ನು ಎಂದೂ ಕೇಳಿರಲಿಲ್ಲ.